ಏಳು ಗಂಟೆಯ ಮಗಳು

ಜನವರಿ ೧೦

ಪ್ರೀತಿಯ ತಮ್ಮನಿಗೆ,

ಇನ್ನು ಮೇಲೆ ಫೋನ್ ಬೇಡ ಎಂದೆಯಲ್ಲ, ಸರಿ. ಫೋನಿನಲ್ಲಿ ನನ್ನ ಸ್ವರ ಕೇಳಿ ಅಮ್ಮ ಟೀವಿಯ ಹಿಂದೆ, ಬಾಗಿಲ ಸಂದಿಯಲ್ಲಿ ಎಲ್ಲ ನನ್ನನ್ನು ಹುಡುಕಿ ಅತ್ತಳು ಎಂದು ತಿಳಿದ ಮೇಲೆ ಫೋನ್ ಮುಟ್ಟಲು ನನಗೂ ಕೈ ಬರುತ್ತಿಲ್ಲ. ಕಾಗದವೇ ಬರೆಯುತ್ತೇನೆ. ನಿನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ ಓದುವ ಶಿಕ್ಷೆಯೂ ನನಗಿರಲಿ.

ಇಲ್ಲಿಯ ಸುದ್ದಿ ಏನೆಂದರೆ, ನಮ್ಮ ದೊಡ್ಡವರು ಹೋದರು. ಈ ಚಾನೆಲ್ ಕಟ್ಟಿದವರು, ನನ್ನನ್ನು ವಾರ್ತೆ ಓದಲು ಕೂರಿಸಿದವರು, ಯಾರಿಗೂ ಒಂದು ಮಾತು ಹೇಳದೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಇಳಿದು ಹೋದರಂತೆ. ಬೆಳಿಗ್ಗೆ ಅವರ ಕೋಣೆಯಲ್ಲಿ ಬೇರೊಬ್ಬರು ಕೂತಿದ್ದರು. ಬಿಳಿ ಶೂ ಹಾಕಿದ್ದರು. ಅವರು ಹೆಸರು ಹೇಳುವ ಹೊತ್ತಿಗೆ ಎಲ್ಲರೂ ಚಪ್ಪಾಳೆ ಹೊಡೆದುಬಿಟ್ಟೆವು, ಹೆಸರು ಕೇಳಿಸಲಿಲ್ಲ. ಹಾಗಾಗಿ ಅವರು ನಮಗೆಲ್ಲ ಬಿಳಿ ಶೂ ಸಾಹೇಬರು. ಬಾಗಿಲ ಕಾವಲಿನವನು ನನ್ನ ಹತ್ತಿರ ಬಂದು, "ಮೇಡಂ, ಇನ್ಮೇಲೆ ಯಾರಿಗೆ ಸಲ್ಯೂಟ್ ಹೊಡೀಬೇಕು ಅಂತ ಒಂದು ಫೋಟೋ ಆದ್ರೂ ತೋರಿಸ್ರಿ. ಇವತ್ತು ಸಾಹೇಬ್ರ ಡ್ರೈವರ್‌ಗೆ ಹೊಡ್ದುಬಿಟ್ಟೆ" ಎಂದ. ನಗು ಬಂತು.

ನೋಡುವವರು ಕಡಿಮೆಯಾಗಿದ್ದಾರೆ, ಜಾಹೀರಾತು ಬರುತ್ತಿಲ್ಲ, ಹೊಸಬರು ಬಂದು ಎಲ್ಲ ಬದಲಾಯಿಸುತ್ತಾರೆ ಎನ್ನುತ್ತಾರೆ. ಬೇಕಾದ್ದು ಬದಲಾಗಲಿ. ನನ್ನ ಚಿಂತೆ ಸಂಜೆ ಏಳರ ವಾರ್ತೆಯದು ಒಂದೇ. ಹೋದ ಸಲ ರಜೆಗೆ ಬಂದಾಗ ಅಮ್ಮ ನನ್ನ ಮುಖ ನೋಡಿ, "ನೀವು ನನ್ ಮಗಳ ಥರಾನೇ ಇದ್ದೀರಲ್ಲ! ಅವಳು ಟೀವೀಲಿ ಬರ್ತಾಳೆ, ಸಂಜೆ ತನಕ ಇದ್ದು ನೋಡ್ಕೊಂಡು ಹೋಗಿ" ಎಂದಳಲ್ಲ. ಅವತ್ತು ನನ್ನ ಬದಲು ಆ ಗಡ್ಡದವನು ಓದಿದ. ಅಮ್ಮ ನನಗೇ ಸಮಾಧಾನ ಹೇಳಿದಳು, "ಇವತ್ತು ಅವಳಿಗೆ ರಜ ಇರ್ಬೇಕು, ಬೇಜಾರು ಮಾಡ್ಕೋಬೇಡಿ" ಎಂದು. ಎದುರಿಗೆ ಕೂತ ನಾನು ಅವಳಿಗೆ ಯಾರೂ ಅಲ್ಲ. ಟೀವಿಯಲ್ಲಿ ಬರುವ ನಾನು ಮಗಳು. ಅಷ್ಟಾದರೂ ಉಳಿದಿದೆಯಲ್ಲ ಎಂದು ದಿನಾ ಸಂಜೆ ಮುಖಕ್ಕೆ ಪೌಡರ್ ಹಚ್ಚಿಕೊಂಡು ಕೂರುತ್ತೇನೆ.

ಅಮ್ಮನಿಗೆ ಚಳಿಯಾಗದಂತೆ ನೋಡಿಕೋ.

ನಿನ್ನ,
ಅಕ್ಕ


ಜನವರಿ ೨೮

ಅಕ್ಕ,

ನಿನ್ನನ್ನು ನಿಲ್ಲಿಸಿಬಿಟ್ಟರಲ್ಲ! ಇಷ್ಟು ವರ್ಷ ಮೇಜಿನ ಹಿಂದೆ ಮಹಾರಾಣಿಯ ಹಾಗೆ ಕೂತಿದ್ದವಳು ಈಗ ಅತ್ತಿಂದಿತ್ತ ಓಡಾಡಿಕೊಂಡು ವಾರ್ತೆ ಹೇಳುವುದನ್ನು ನೋಡಿ ನನಗೇ ತಲೆ ತಿರುಗಿತು. ಅಮ್ಮನ ಕಥೆ ಕೇಳು. "ಅಯ್ಯೋ, ಕೂತ್ಕೊಳೋಕೆ ಒಂದು ಕುರ್ಚಿನೂ ಕೊಡ್ಲಿಲ್ವಾ ನನ್ ಮಗೂಗೆ?" ಎಂದು ಊಟದ ಮೇಜಿನಿಂದ ಕುರ್ಚಿ ಎಳೆದು ತಂದು ಟೀವಿಯ ಮುಂದೆ ಇಟ್ಟಳು. "ಕೂತ್ಕೋ ಪುಟ್ಟಿ, ಕಾಲು ನೋಯುತ್ತೆ." ನೀನು ಕೂರಲಿಲ್ಲ. ಅವಳೂ ಕೂರಲಿಲ್ಲ. ವಾರ್ತೆ ಮುಗಿಯುವ ತನಕ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದಳು.

ಇನ್ನೊಂದು ವಿಷಯ ನಿನಗೆ ಗೊತ್ತಿರಲಾರದು. ವಾರ್ತೆ ಮುಗಿದ ಮೇಲೆ ನೀನು ಕಾಗದ ಜೋಡಿಸುತ್ತ ತಲೆ ಬಗ್ಗಿಸುತ್ತಿದ್ದೆಯಲ್ಲ, ಆಗ ಅಮ್ಮ "ಊಟ ಮಾಡ್ತೀಯಾ?" ಎಂದು ನಿನ್ನನ್ನು ಕೇಳುತ್ತಿದ್ದಳು. ನೀನು ಹೂಂ ಎಂದು ತಲೆ ಆಡಿಸಿದ ಹಾಗೆ ಕಾಣುತ್ತಿತ್ತು. ಆಮೇಲೆಯೇ ಅವಳು ಊಟಕ್ಕೆ ಏಳುತ್ತಿದ್ದದ್ದು. ಈಗ ನಿನ್ನ ಮಾತು ಮುಗಿಯುತ್ತಿದ್ದ ಹಾಗೆ ಸೋಪಿನ ಜಾಹೀರಾತು ನುಗ್ಗುತ್ತದೆ. ಉತ್ತರ ಹೇಳದೆ ಹೋದಳು ಎಂದು ಅಮ್ಮ ತಟ್ಟೆ ಮುಟ್ಟುವುದಿಲ್ಲ. ಬೇಡಿಕೊಂಡು, ಗದರಿಸಿ, ಕೊನೆಗೆ ನಾಲ್ಕು ತುತ್ತು ತಿನ್ನಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ.

ನಿಮ್ಮ ಬಿಳಿ ಶೂ ಸಾಹೇಬರಂಥವರನ್ನು ನನ್ನ ಡ್ರೈವಿಂಗ್ ಶಾಲೆಯಲ್ಲಿ ದಿನಾ ನೋಡುತ್ತೇನೆ. ಕೂತ ತಕ್ಷಣ ಸೀಟು ಹಿಂದೆ ಮುಂದೆ ಮಾಡುತ್ತಾರೆ, ಕನ್ನಡಿ ತಿರುಗಿಸುತ್ತಾರೆ, ಬೆಲ್ಟು ಎಳೆದು ನೋಡುತ್ತಾರೆ. ಗಾಡಿ ಮಾತ್ರ ಹೊರಡುವುದಿಲ್ಲ. ಆ ಮನುಷ್ಯನ ಹತ್ತಿರ ಒಂದು ಕುರ್ಚಿ ಕೇಳು.

ಇಂತಿ,
ನಿನ್ನ ತಲೆತಿನ್ನುವ ತಮ್ಮ


ಫೆಬ್ರವರಿ ೨೭

ಪ್ರೀತಿಯ ತಮ್ಮನಿಗೆ,

ಕುರ್ಚಿ ಕೇಳಿದೆ. ಬೆನ್ನು ನೋವು ಎಂದೆ. "ನೋಡೋರಿಗೆ ಎನರ್ಜಿ ಕಾಣ್ಬೇಕು, ಕೂತ್ರೆ ಏನು ಎನರ್ಜಿ?" ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. ಅಮ್ಮನ ವಿಷಯ ಬಾಯಿ ತನಕ ಬಂತು, ನುಂಗಿಕೊಂಡೆ. ನನಗೆ ಕುರ್ಚಿ ಸಿಗುವ ಮೊದಲು ಅವರ ಕುರ್ಚಿಯೇ ಹೋಯಿತು. ಈಗ ಇನ್ನೊಬ್ಬರು ಬಂದಿದ್ದಾರೆ.

ಈ ಸಲ ಒಬ್ಬ ಹೆಂಗಸು. ಬೋರ್ಡಿನ ಮೇಡಂ ಎಂದು ಹೆಸರಿಟ್ಟಿದ್ದೇವೆ. ಬಾಯಿ ತೆರೆಯುವ ಮೊದಲು ಬಿಳಿ ಬೋರ್ಡಿನ ಮೇಲೆ ಒಂದು ಬಾಣ ಬರೆಯುತ್ತಾರೆ, ಎಲ್ಲ ಬಾಣಗಳೂ ಮೇಲಕ್ಕೇ ಹೋಗುತ್ತವೆ. ಆದರೆ ಕೇಳಿಸಿಕೊಳ್ಳುವ ಕಿವಿ ಇದೆ ಅನ್ನಿಸಿತು. ಧೈರ್ಯ ಮಾಡಿ ಅಮ್ಮನ ವಿಷಯ ಪೂರ್ತಿ ಹೇಳಿದೆ. ಕುರ್ಚಿ ಎಳೆದು ಇಟ್ಟದ್ದು, ತಟ್ಟೆ ಮುಟ್ಟದೆ ಕೂತದ್ದು ಎಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, "ಕೂತೇ ಓದಿ. ಕೊನೇಲಿ ಆ ಜಾಹೀರಾತನ್ನ ಸ್ವಲ್ಪ ತಡವಾಗಿ ಹಾಕೋಕೆ ಹೇಳ್ತೀನಿ. ಆದ್ರೆ ಕೂದ್ಲು ಮಾತ್ರ ಗಿಡ್ಡ ಮಾಡಿಸ್ಕೋಬೇಕು, ಮೇಲಿನವ್ರಿಗೆ ನಾನೂ ಏನಾದ್ರೂ ಬದಲಾವಣೆ ತೋರಿಸ್ಬೇಕಲ್ಲ" ಎಂದರು. ಅವತ್ತೇ ಮಧ್ಯಾಹ್ನ ಕತ್ತರಿಸಿಕೊಂಡೆ. ಕನ್ನಡಿ ನೋಡಿದಾಗ ನನಗೆ ನನ್ನ ಗುರುತೇ ಸಿಗಲಿಲ್ಲ. ಅಮ್ಮನಿಗೆ ಸಿಕ್ಕಿತಾ? ತಡಮಾಡದೆ ಬರೆ.

ಇನ್ನೊಂದು ಚಾನೆಲ್ಲಿನವರು ಕರೆದಿದ್ದಾರೆ, ಹೊಸ ವಾರ್ತಾವಾಚಕರಿಗೆ ಓದುವುದನ್ನು ಕಲಿಸುವ ಕೆಲಸ. ಗಟ್ಟಿ ಸಂಸ್ಥೆ, ಒಳ್ಳೆಯ ಹುದ್ದೆ. ಟೀವಿಯಲ್ಲಿ ಕಾಣಿಸಿಕೊಳ್ಳುವ ಕೆಲಸವಲ್ಲ. ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೇನೆ.

ನಿನ್ನ,
ಬೋಳುತಲೆ ಅಕ್ಕ


ಮಾರ್ಚ್ ೮

ಅಕ್ಕ,

ಗುರುತು ಸಿಕ್ಕಿತು, ಹೆದರಬೇಡ. ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಜ್ವರ ಬಂದಿತ್ತಾ ಇವಳಿಗೆ? ಕೂದಲೆಲ್ಲ ತೆಗೆಸ್ಬಿಟ್ಟಿದ್ದಾರೆ" ಎಂದಳು. ನಿನ್ನ ಮಾತು ಕೇಳುತ್ತ ಕೇಳುತ್ತ ಸರಿಹೋದಳು. "ಹೋಗ್ಲಿ ಬಿಡು, ಬೆಳೆಯುತ್ತೆ" ಎಂದು ನನಗೆ ಧೈರ್ಯ ಹೇಳಿದಳು. ಕೊನೆಯಲ್ಲಿ ನೀನು ತಲೆ ಬಗ್ಗಿಸಿದೆ, ಅವಳು ಎದ್ದು ಕೈ ತೊಳೆದುಕೊಂಡಳು. ತಟ್ಟೆ ಖಾಲಿಯಾಯಿತು. ನಿಮ್ಮ ಬೋರ್ಡಿನ ಮೇಡಂ ನೂರು ಕಾಲ ಬಾಳಲಿ.

ಈಗ ಜಗಳ. ಆ ಕೆಲಸಕ್ಕೆ ಯಾಕೆ ಹೋಗುವುದಿಲ್ಲ? ನಿನಗೆ ತಲೆ ಕೆಟ್ಟಿದೆಯಾ? ನಿಮ್ಮ ಚಾನೆಲ್ ಇವತ್ತೋ ನಾಳೆಯೋ ಎನ್ನುವ ಹಾಗಿದೆ, ಇಲ್ಲಿ ನನ್ನ ಗಾಡಿಯಲ್ಲಿ ಕ್ಲಚ್ ತುಳಿಯಲು ಕಲಿಯುವವರಿಗೂ ಗೊತ್ತು. ಅಮ್ಮನ ಭಾರ ನನಗಿರಲಿ. ನಾಲ್ಕು ದಿನ ಅಳುತ್ತಾಳೆ, ಆಮೇಲೆ ಏನಾದರೂ ಮಾಡೋಣ. ನೀನೂ ನಿನ್ನದು ಅಂತ ಒಂದು ಬದುಕು ನೋಡಿಕೋ. ಇಷ್ಟು ವರ್ಷವಾದ ಮೇಲೆ ಕರೆದು ಮಣೆ ಹಾಕುತ್ತಿದ್ದಾರೆ, ಅದನ್ನು ಒದೆಯಬೇಡ.

ಈ ಕಾಗದಕ್ಕೆ ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ.

ತಮ್ಮ


ಏಪ್ರಿಲ್ ೧೪

ಪ್ರೀತಿಯ ತಮ್ಮನಿಗೆ,

ಸಿಟ್ಟಲ್ಲ. ಏನು ಬರೆಯಲಿ ಎಂದು ಗೊತ್ತಾಗದೆ ತಡವಾಯಿತು. ಆ ಕೆಲಸಕ್ಕೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅವರು ಬೇರೆಯವರನ್ನು ತೆಗೆದುಕೊಂಡೂ ಆಯಿತು, ಇನ್ನು ಬೈಯುವುದರಿಂದ ಪ್ರಯೋಜನವಿಲ್ಲ.

ನಾಲ್ಕು ದಿನ ಅಳುತ್ತಾಳೆ ಎಂದು ಎಷ್ಟು ಸುಲಭವಾಗಿ ಬರೆದೆಯೋ. ಆಮೇಲೆ ಏನಾಗುತ್ತದೆ ಎಂದು ನಾನು ಯೋಚನೆ ಮಾಡಿದ್ದೇನೆ. ಆಮೇಲೆ ಅವಳು ಮರೆಯುತ್ತಾಳೆ. ನಿನ್ನ ಹೆಸರು ಹೋಯಿತು, ಅಪ್ಪನ ಮುಖ ಹೋಯಿತು, ಮನೆಗೆ ಬಂದ ನಾನೂ ಹೋದೆ. ಉಳಿದಿರುವುದು ದಿನಕ್ಕೆ ಅರ್ಧ ಗಂಟೆಯ ನಾನು. ಅದನ್ನೂ ನನ್ನ ಕೈಯಾರೆ ತೆಗೆದುಬಿಟ್ಟರೆ, ಜಗತ್ತಿನಲ್ಲಿ ನನ್ನನ್ನು ಪುಟ್ಟಿ ಎನ್ನುವವರು ಯಾರೂ ಇರುವುದಿಲ್ಲ. ಇದು ಅಮ್ಮನಿಗಾಗಿ ಅಲ್ಲ, ನನಗಾಗಿ ಎಂದು ನೀನು ಅಂದರೆ ಒಪ್ಪುತ್ತೇನೆ.

ನೀನು ಹರಸಿದ ಬೋರ್ಡಿನ ಮೇಡಂ ಮೊನ್ನೆ ಹೋದರು. ಬೋರ್ಡನ್ನು ಅವರೇ ಒರೆಸಿಟ್ಟು ಹೋಗಿದ್ದಾರೆ. ಹೋಗುವಾಗ ನನ್ನ ಹತ್ತಿರ ನಿಂತು, "ತಾಯೀನ ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಈಗ ಲೆಕ್ಕಪತ್ರ ವಿಭಾಗದವರೊಬ್ಬರನ್ನು ತಾತ್ಕಾಲಿಕ ಮುಖ್ಯಸ್ಥರು ಎಂದು ಕೂರಿಸಿದ್ದಾರೆ. ತಂದ ರಟ್ಟಿನ ಡಬ್ಬವನ್ನು ಬಿಚ್ಚದೆ ಹಾಗೆಯೇ ಬಾಗಿಲ ಬಳಿ ಇಟ್ಟುಕೊಂಡಿದ್ದಾರೆ. ಕ್ಯಾಂಟೀನ್ ಮುಚ್ಚಿತು. ಮೇಲಿನ ಮಹಡಿಯ ದೀಪ ಹಾಕುವುದನ್ನು ನಿಲ್ಲಿಸಿದ್ದಾರೆ. ಮೇಕಪ್ಪಿನವಳನ್ನು ಮನೆಗೆ ಕಳಿಸಿದ್ದರಿಂದ ಕಣ್ಣಿಗೆ ಕಾಡಿಗೆ ನಾನೇ ಎಳೆದುಕೊಳ್ಳುತ್ತೇನೆ. ಒಂದು ದಿನ ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು ಕಂಡರೆ ಅಮ್ಮನಿಗೆ ಏನಾದರೂ ಸಬೂಬು ಹೇಳು.

ನಿನ್ನ ಅಕ್ಕ


ಜೂನ್ ೧

ತಮ್ಮಾ,

ತೆಗೆದುಬಿಟ್ಟರು. ತಾತ್ಕಾಲಿಕದವರು ಕರೆದು, "ಹೊಸ ಮುಖ ಬೇಕು ಅಂತ ಮೇಲಿಂದ ಬಂದಿದೆ, ನನ್ ಕೈಲಿ ಏನಿಲ್ಲಮ್ಮ" ಎಂದರು. ಅಮ್ಮನ ವಿಷಯ ಇವರಿಗೂ ಹೇಳಿದೆ. ನಾಚಿಕೆ ಬಿಟ್ಟು ಹೇಳಿದೆ, ಅತ್ತೂಬಿಟ್ಟೆ. ಅವರ ಕಣ್ಣಲ್ಲೂ ನೀರು ಬಂತು. ನೀರು ಬಂದರೂ ಆದೇಶ ಆದೇಶವೇ.

ಬರುವ ಸೋಮವಾರದಿಂದ ಒಬ್ಬ ಹೊಸ ಹುಡುಗಿ ಓದುತ್ತಾಳೆ. ನನಗೆ ಒಳಗಿನ ಮೇಜು, ಅವಳು ಓದುವ ವಾರ್ತೆಯನ್ನು ನಾನು ಬರೆದುಕೊಡಬೇಕು. ಅವತ್ತು ಟೀವಿ ಹಾಕಬೇಡ. ಪ್ಲಗ್ ತೆಗೆದಿಡು, ಕೆಟ್ಟಿದೆ ಎನ್ನು. ಏನಾಯಿತು ಎಂದು ಕೂಡಲೇ ಬರೆ.

ಅಕ್ಕ


ಜೂನ್ ೧೪

ತಮ್ಮಾ,

ಯಾಕೆ ಬರೆಯಲಿಲ್ಲ? ಅಮ್ಮ ಊಟ ಮಾಡುತ್ತಿದ್ದಾಳಾ? ನನ್ನನ್ನು ಕೇಳುತ್ತಾಳಾ? ಆ ಹುಡುಗಿ ಒಳ್ಳೆಯವಳೇ, ಪಾಪ, ಏನಾದರೂ ಕೇಳಿಕೊಂಡು ನನ್ನ ಮೇಜಿನ ಹತ್ತಿರ ಬರುತ್ತಾಳೆ. ನಾನು ಮುಖ ಕೊಟ್ಟು ಮಾತಾಡುತ್ತಿಲ್ಲ. ಏಳು ಗಂಟೆಯಾಗುತ್ತಿದ್ದ ಹಾಗೆ ಎದ್ದು ಬಾತ್‌ರೂಮಿಗೆ ಹೋಗಿ ನಿಲ್ಲುತ್ತೇನೆ.

ಎಂಥ ಸುದ್ದಿಯಾದರೂ ಸರಿ, ಬರೆ.

ಅಕ್ಕ


ಜೂನ್ ೨೩

ಅಕ್ಕ,

ಎರಡು ಕಾಗದವೂ ಬಂದವು. ಬರೆಯದೆ ಇದ್ದದ್ದು ಸೋಮಾರಿತನವಲ್ಲ, ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಎಲ್ಲಾದರೂ ಕೂತುಕೊಂಡು ಓದು.

ಆ ಸೋಮವಾರ ನೀನು ಹೇಳಿದ ಹಾಗೆ ಪ್ಲಗ್ ತೆಗೆದಿಟ್ಟೆ. ಅಮ್ಮ ಬಂದು ಕೂತಳು. ಕಪ್ಪಗಿದ್ದ ಟೀವಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೆಟ್ಟಿದೆ ಎಂದೆ. ಎದ್ದು ಹೋಗಿ ಟೀವಿಯ ಗಾಜನ್ನು ಬಾಗಿಲು ತಟ್ಟುವ ಹಾಗೆ ತಟ್ಟಲು ಶುರು ಮಾಡಿದಳು. "ಪುಟ್ಟಿ, ಬಾಗ್ಲು ತೆಗಿ. ಒಳಗೆ ಯಾಕೆ ಕತ್ಲೇಲಿ ಕೂತಿದ್ದೀಯ? ತೆಗಿಯೇ." ನನ್ನಿಂದ ನೋಡಲಾಗಲಿಲ್ಲ. ಪ್ಲಗ್ ಹಾಕಿಬಿಟ್ಟೆ.

ಹೊಸ ಹುಡುಗಿ ಓದುತ್ತಿದ್ದಳು. ಈಗ ಏನಾಗುತ್ತದೋ ಎಂದು ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಕ್ಕ, ಅಮ್ಮನ ಮುಖ ಅರಳಿತು. "ಬಂದ್ಯಾ! ನೋಡೋ, ಕೂದ್ಲು ಎಷ್ಟು ಬೆಳೆದುಬಿಟ್ಟಿದೆ. ಬೆಳೆಯುತ್ತೆ ಅಂತ ನಾನ್ ಹೇಳ್ಲಿಲ್ವಾ?" ಎಂದಳು.

"ಅಮ್ಮಾ, ಇವಳು ಬೇರೆ ಯಾರೋ" ಎಂದೆ. ಹೇಳಬೇಕಾಗಿತ್ತೋ ಇಲ್ಲವೋ, ನಿನ್ನ ಪರವಾಗಿ ಯಾರಾದರೂ ಹೇಳಬೇಕು ಅನ್ನಿಸಿತು. ನನ್ನ ತಲೆಗೆ ಮೊಟಕಿದಳು. "ಸ್ವಂತ ಅಕ್ಕನ್ನೇ ಗುರುತು ಹಿಡಿಯಲ್ವೇನೋ, ಕತ್ತೆ!" ಎಂದಳು. ಎಷ್ಟೋ ಕಾಲದ ಮೇಲೆ ನನ್ನನ್ನು ಕತ್ತೆ ಎಂದದ್ದು. ನಗು ಬಂದುಬಿಟ್ಟಿತು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತೆ.

ಅವತ್ತಿನಿಂದ ದಿನಾ ಹಾಗೆಯೇ. "ಇತ್ತೀಚೆಗೆ ಚೆನ್ನಾಗಿ ನಿದ್ದೆ ಮಾಡ್ತಾಳೆ ಅಂತ ಕಾಣುತ್ತೆ, ಮುಖ ತಿಳಿಯಾಗಿದೆ" ಎನ್ನುತ್ತಾಳೆ. ನಿನ್ನನ್ನು ಕೇಳುವುದಿಲ್ಲ. ಕೇಳುವುದಕ್ಕೆ ಅವಳ ಲೆಕ್ಕದಲ್ಲಿ ನೀನು ಎಲ್ಲೂ ಹೋಗಿಯೇ ಇಲ್ಲ. ನೀನು ಬಿಟ್ಟ ಕೆಲಸ ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು.

ಊಟದ್ದು ಮಾತ್ರ ತೊಂದರೆ. ಆ ಹುಡುಗಿ ಮಾತು ಮುಗಿಸಿದವಳೇ ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ದಡಕ್ಕನೆ ಎದ್ದು ಹೋಗುತ್ತಾಳೆ. "ಮುನಿಸ್ಕೊಂಡಿದ್ದಾಳೆ ಕಣೋ, ಊಟಕ್ಕೆ ಕೇಳಿದ್ರೆ ಹೂಂ ಅನ್ನಲ್ಲ" ಎಂದು ಅಮ್ಮ ತಾನೂ ಉಪವಾಸ ಕೂರುತ್ತಾಳೆ. ತೂಕ ಇಳಿದಿದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಬೇರೆ ದಾರಿ ಇರಲಿಲ್ಲ.

ನಿನ್ನ ತಮ್ಮ


ಜುಲೈ ೧೯

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಓದಿ ಬಹಳ ದಿನ ಪೆನ್ನು ಹಿಡಿಯಲಾಗಲಿಲ್ಲ. ಸಿಟ್ಟು ಬಂತು. ಸಾಹೇಬರುಗಳ ಮೇಲಲ್ಲ, ಅಮ್ಮನ ಮೇಲೆಯೇ. ಹೊತ್ತು ಹೆತ್ತವಳಿಗೆ ಯಾರ ಮುಖವಾದರೂ ನಡೆಯುತ್ತದೆಯೇ ಎಂದು ಒಬ್ಬಳೇ ಕೂತು ಜಗಳವಾಡಿದೆ. ಎಲ್ಲರ ಹತ್ತಿರ ಬೇಡಿಕೊಂಡೆನಲ್ಲ, ಕೂದಲು ಕತ್ತರಿಸಿಕೊಂಡೆನಲ್ಲ, ಬಂದ ಕೆಲಸ ಬಿಟ್ಟೆನಲ್ಲ ಎಂದು ಹೇಳಿಕೊಂಡು ಅತ್ತೆ. ಅತ್ತು ಅತ್ತು ಸಾಕಾದ ಮೇಲೆ ಉಳಿದದ್ದು ಒಂದೇ, ಅಮ್ಮ ಊಟ ಮಾಡುತ್ತಿಲ್ಲ ಎನ್ನುವ ಮಾತು.

ಮರುದಿನ ಆ ಹುಡುಗಿಯನ್ನು ನಾನೇ ಕರೆದು ಕೂರಿಸಿಕೊಂಡೆ. ವಾರ್ತೆ ಮುಗಿದ ಮೇಲೆ ತಟ್ಟನೆ ಏಳಬೇಡ, ಕಾಗದ ಜೋಡಿಸು, ಒಂದು ಸಲ ನಿಧಾನವಾಗಿ ತಲೆ ಬಗ್ಗಿಸು ಎಂದು ಹೇಳಿಕೊಟ್ಟೆ. "ಓದೋದೆಲ್ಲ ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಓಡುತ್ತಲ್ಲ ಅಕ್ಕ, ಕಾಗದ ಯಾಕೆ?" ಎಂದಳು. ಕಾರಣ ಹೇಳಿದೆ. ಅವಳಿಗೂ ಎಲ್ಲೋ ಒಬ್ಬ ಅಮ್ಮ ಇದ್ದಾಳಂತೆ, ಟೀವಿಯಲ್ಲಿ ಮಗಳನ್ನು ನೋಡಿ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಾಳಂತೆ. ಅವತ್ತು ಸಂಜೆ ನಾನು ಬಾತ್‌ರೂಮಿಗೆ ಹೋಗಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ನಿಂತು ನೋಡಿದೆ. ಚೆನ್ನಾಗಿ ಓದುತ್ತಾಳೆ ಹುಡುಗಿ. ಹೇಳಿದ ಹಾಗೆಯೇ ತಲೆಯನ್ನೂ ಬಗ್ಗಿಸಿದಳು.

ತಾತ್ಕಾಲಿಕದವರ ರಟ್ಟಿನ ಡಬ್ಬ ಈಗ ಕಾಣುತ್ತಿಲ್ಲ, ಅವರೂ ಕಾಣುತ್ತಿಲ್ಲ. ಹೊಸಬರು ಬರುತ್ತಾರಂತೆ, ಬರುವುದಿಲ್ಲವಂತೆ, ಯಾರೋ ಕೊಳ್ಳುತ್ತಾರಂತೆ, ಬೀಗ ಹಾಕುತ್ತಾರಂತೆ. ಒಬ್ಬೊಬ್ಬರದು ಒಂದೊಂದು ಕಥೆ. ಏಳರ ವಾರ್ತೆ ಎಷ್ಟು ದಿನ ಇರುತ್ತದೆ ಎಂದು ಓದುವವಳಿಗೂ ಗೊತ್ತಿಲ್ಲ. ಇರುವಷ್ಟು ದಿನ ಅಮ್ಮನಿಗೆ ಮಗಳಿದ್ದಾಳೆ. ಅದು ನಿಂತುಹೋಗುವ ಸಂಜೆ ಅಮ್ಮನ ಪಕ್ಕದಲ್ಲಿ ನೀನೊಬ್ಬನೇ ಇರಬಾರದು. ಅದಕ್ಕೆ ಕೆಲಸ ಬಿಟ್ಟಿದ್ದೇನೆ. ಕಾರಣ ಏನೆಂದು ಕೇಳಲು ಮೇಲೆ ಯಾರೂ ಇರಲಿಲ್ಲ, ರಾಜೀನಾಮೆಯ ಕಾಗದವನ್ನು ಖಾಲಿ ಮೇಜಿನ ಮೇಲೆ ಇಟ್ಟು ಬಂದೆ.

ಶನಿವಾರ ಬೆಳಿಗ್ಗೆ ಬರುತ್ತೇನೆ. ಅಮ್ಮ ಯಾರೆಂದು ಕೇಳಿದರೆ ನೋಡಿಕೊಳ್ಳಲು ಬಂದವರು ಎಂದು ಹೇಳು. ಮಗಳು ಎಂದು ಹೇಳಿ ಅವಳ ತಲೆ ಕೆಡಿಸಬೇಡ, ಇರುವ ಒಬ್ಬ ಮಗಳು ಅವಳಿಗೆ ಸಾಕು. ಅವಳ ಎದುರಿಗೆ ನನ್ನನ್ನು ಹೋಗೇ ಬಾರೇ ಎನ್ನಬೇಡ. ಬನ್ನಿ, ಕೂತ್ಕೊಳ್ಳಿ ಎನ್ನು. ನಿನ್ನ ಬಾಯಲ್ಲಿ ಬಹುವಚನ ಕೇಳಿ ನನಗೆ ನಗು ಬಂದರೆ ನೀನೂ ನಗಬೇಡ, ಸಿಕ್ಕಿಬೀಳುತ್ತೇವೆ.

ನನ್ನ ಬಾಯಿ ಎಲ್ಲಿ ತಪ್ಪುತ್ತದೋ ಎಂದು ಒಂದೆರಡು ದಿನ ಹೆದರಿದ್ದೆ. ಆಮೇಲೆ ಹೊಳೆಯಿತು. ಮನೆಕೆಲಸಕ್ಕೆ ಬಂದವರೂ ಯಜಮಾನಿಯನ್ನು ಅಮ್ಮ ಎಂದೇ ಕರೆಯುತ್ತಾರೆ. ದಿನಾ ಬಾಯಿ ತುಂಬ ಕರೆಯುತ್ತೇನೆ, ಅವಳಿಗೆ ಅನುಮಾನ ಬರುವುದಿಲ್ಲ.

ನಿನ್ನ,
ಅಕ್ಕ